ಉಳಿದುಕೊಂಡ ಒಂದು ಜೀವಕೋಶ

ಇಲಿಯೊಂದರ ಮೈಯೊಳಗೆ ಲ್ಯುಕೇಮಿಯಾದ 10 ಲಕ್ಷ ಜೀವಕೋಶಗಳನ್ನು ಚುಚ್ಚಿದರೆ ಅದು ಕೆಲವೇ ದಿನಗಳಲ್ಲಿ ಸಾಯುತ್ತದೆ. ಸಾವಿರ ಕೋಶ ಚುಚ್ಚಿದರೆ ಇನ್ನಷ್ಟು ದಿನ ತಡೆದುಕೊಂಡು ಸಾಯುತ್ತದೆ. ಒಂದೇ ಒಂದು ಕೋಶ ಚುಚ್ಚಿದರೆ? ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ಸದರ್ನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯಲ್ಲಿ, ಹೊವಾರ್ಡ್ ಸ್ಕಿಪ್ಪರ್ ಈ ಪ್ರಶ್ನೆ ಹಿಡಿದು ಕೂತಿದ್ದರು. ಸಿಕ್ಕ ಉತ್ತರ: ಒಂದೇ ಸಾಕು. ತಡವಾದೀತು ಅಷ್ಟೆ, ಇಲಿ ಉಳಿಯುವುದಿಲ್ಲ.

1964ರಲ್ಲಿ ಸ್ಕಿಪ್ಪರ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕದಲ್ಲಿ ಇದಕ್ಕಿಂತ ಕಠಿಣವಾದ ಇನ್ನೊಂದು ಮಾತಿತ್ತು. ಮದ್ದು ಎಣಿಸಿ ಕೊಲ್ಲುವುದಿಲ್ಲ, ಪಾಲು ಹಾಕಿ ಕೊಲ್ಲುತ್ತದೆ. ಸಾವಿರದಲ್ಲಿ 999 ಕೋಶ ಸಾಯಿಸುವ ಮದ್ದು, 10 ಲಕ್ಷ ಇದ್ದಲ್ಲಿ ಸಾವಿರ ಉಳಿಸುತ್ತದೆ; ಸಾವಿರ ಇದ್ದಲ್ಲಿ ಒಂದು ಉಳಿಸುತ್ತದೆ. ರೋಗ ಪತ್ತೆಯಾದ ದಿನ ಒಂದು ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಲ್ಯುಕೇಮಿಯಾ ಕೋಶಗಳಿರುತ್ತವೆ. ಚಿಕಿತ್ಸೆ ಹಿಡಿದು, ಜ್ವರ ಬಿಟ್ಟು, ಮಗು ಎದ್ದು ಆಡತೊಡಗಿ, ಮೂಳೆಮಜ್ಜೆಯನ್ನು ಸೂಕ್ಷ್ಮದರ್ಶಕದಡಿ ನೋಡಿದ ವೈದ್ಯರು ಏನೂ ಕಾಣುವುದಿಲ್ಲ ಎಂದ ದಿನವೂ ಒಳಗೆ ಸಾವಿರ ಕೋಟಿಯವರೆಗೆ ಉಳಿದಿರಬಹುದು. ಹೊಲದಲ್ಲಿ ಕೊನ್ನಾರಿ ಗಡ್ಡೆ ಕಿತ್ತವರಿಗೆ ಇದು ಹೊಸ ಮಾತಲ್ಲ. ಮೇಲಿನ ಹುಲ್ಲು ಸವರಿದ ದಿನ ಹೊಲ ಚೊಕ್ಕಟ. ಒಂದು ಮಳೆ ಬಿದ್ದರೆ ನೆಲದಡಿಯ ಗಡ್ಡೆ ಮತ್ತೆ ಚಿಗುರುತ್ತದೆ.

ಮಕ್ಕಳ ರಕ್ತದ ಕ್ಯಾನ್ಸರಿನ ಚರಿತ್ರೆಯನ್ನು ವೈದ್ಯಕೀಯದ ದೊಡ್ಡ ಗೆಲುವಾಗಿ ಹೇಳುವುದು ವಾಡಿಕೆ. 1940ರ ದಶಕದಲ್ಲಿ ಈ ರೋಗ ಹಿಡಿದ ಮಗು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ತೀರಿಕೊಳ್ಳುತ್ತಿತ್ತು. ಇವತ್ತು ಸಿರಿವಂತ ದೇಶಗಳಲ್ಲಿ, ಮಕ್ಕಳಲ್ಲಿ ಅತಿ ಸಾಮಾನ್ಯವಾದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಬಂದ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ಬದುಕುತ್ತವೆ. ಗೆಲುವು ನಿಜವೇ. ಆದರೆ ಈ ಚರಿತ್ರೆಯನ್ನು ಓದುತ್ತಾ ಹೋದ ಹಾಗೆ ನನ್ನ ಮನಸ್ಸು ನಿಂತಿದ್ದು ಆ ಹತ್ತನೆಯ ಮಗುವಿನ ಹತ್ತಿರ. ಒಂಬತ್ತು ಮಕ್ಕಳನ್ನು ಉಳಿಸಿದ ಪ್ರತಿಯೊಂದು ಹೆಜ್ಜೆಯೂ ಹುಟ್ಟಿದ್ದು, ಮದ್ದಿಗೆ ಬಗ್ಗದೆ ಉಳಿದುಕೊಂಡ ಕೋಶ ಎಲ್ಲಿತ್ತು, ಹೇಗೆ ತಪ್ಪಿಸಿಕೊಂಡಿತು ಎಂದು ಕೇಳಿದವರಿಂದ. ಅದನ್ನು ಕಲಿಸಿಕೊಟ್ಟಿದ್ದು ಉಳಿಯದೆ ಹೋದ ಮಕ್ಕಳು.

ಮೊದಲ ಪಾಠ ಬಾಸ್ಟನ್ನಿನದು. ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞರಿದ್ದರು. ಅವರ ಕೆಲಸ ತೀರಿಕೊಂಡ ಮಕ್ಕಳ ಅಂಗಾಂಶಗಳನ್ನು ಪರೀಕ್ಷಿಸುವುದು. ಬದುಕಿದ್ದವರಿಗೆ ಮದ್ದು ಕೊಡುವ ವೈದ್ಯರಲ್ಲ. ಆಗಷ್ಟೇ ಫೋಲಿಕ್ ಆಮ್ಲ ಎಂಬ ಜೀವಸತ್ವ ಪ್ರಯೋಗಾಲಯದಲ್ಲಿ ತಯಾರಾಗತೊಡಗಿತ್ತು. ಅದರ ಮೂಲ ಹುಡುಕಿದರೆ ನಮ್ಮ ದೇಶಕ್ಕೇ ಬರಬೇಕು: 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಯ ಬಟ್ಟೆ ಗಿರಣಿಗಳ ಬಡ ಬಸುರಿಯರ ರಕ್ತಹೀನತೆ, ಯೀಸ್ಟಿನ ಸಾರವಾದ ಮಾರ್ಮೈಟ್ ತಿನ್ನಿಸಿದರೆ ವಾಸಿಯಾಗುವುದನ್ನು ಕಂಡಿದ್ದರು. ರಕ್ತ ಕಟ್ಟುವ ಈ ಜೀವಸತ್ವವನ್ನು ಹೋಲುವ ಸಂಯುಕ್ತಗಳನ್ನು ಫಾರ್ಬರ್ ಲ್ಯುಕೇಮಿಯಾದ ಮಕ್ಕಳಿಗೆ ಕೊಟ್ಟು ನೋಡಿದಾಗ ರೋಗ ಇಳಿಯುವ ಬದಲು ಚುರುಕಾದಂತೆ ಕಂಡಿತು. ನೋವಿನ ಅನುಭವ ಅದು. ಆದರೆ ಅದರಿಂದಲೇ ಅವರಿಗೆ ಇನ್ನೊಂದು ಹೊಳೆಯಿತು: ಫೋಲಿಕ್ ಆಮ್ಲ ಬೆಂಕಿಗೆ ಉರುವಲಾಗುವುದಾದರೆ, ಅದನ್ನು ತಡೆಯುವ ಪದಾರ್ಥ ಬೆಂಕಿಯನ್ನು ಆರಿಸೀತಲ್ಲವೇ?

ಆ ತಡೆಯುವ ಪದಾರ್ಥ ಬಂದಿದ್ದು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನ ಲೆಡರ್ಲಿ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿ, ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ತೊಟ್ಟಿದ್ದಕ್ಕೆ ಪ್ರಾಧ್ಯಾಪಕರ ಸಿಟ್ಟಿಗೆ ಗುರಿಯಾಗಿ, ಎಂಬಿಬಿಎಸ್ ಪದವಿಯ ಬದಲು ಕೆಳಗಿನ ದರ್ಜೆಯ ಎಲ್‌ಎಂಎಸ್ ಪ್ರಮಾಣಪತ್ರ ಪಡೆದು ಹೊರಬಂದವರು. ಅವರ ಅಣ್ಣ ಸ್ಪ್ರೂ ಎಂಬ ಕರುಳಿನ ಬೇನೆಯಿಂದ ತೀರಿಕೊಂಡಿದ್ದರು. ಮುಂದೆ ಆ ಬೇನೆಗೆ ಮದ್ದಾಗಿದ್ದು ಇದೇ ಫೋಲಿಕ್ ಆಮ್ಲ. ಬಾಸ್ಟನ್ನಿಗೆ ಹೋದ ಹೊಸತರಲ್ಲಿ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಹಾರ್ವರ್ಡಿನಲ್ಲಿ ಜೀವರಸಾಯನದ ಮೂಲಭೂತ ಕೆಲಸ ಮಾಡಿಯೂ ಕಾಯಂ ಹುದ್ದೆ ಸಿಗದೆ ಕಂಪನಿಯ ಕೆಲಸಕ್ಕೆ ಸೇರಿದರು. ಅವರ ತಂಡ ತಯಾರಿಸಿದ ಅಮಿನಾಪ್ಟೆರಿನ್ ಎಂಬ ಹಳದಿ ಪುಡಿ ಫಾರ್ಬರ್ ಕೈ ಸೇರಿದ್ದು 1947ರ ಕೊನೆಗೆ.

1948ರ ಜೂನ್ 3ರಂದು ಫಾರ್ಬರ್ ವರದಿ ಪ್ರಕಟವಾಯಿತು. ಮದ್ದು ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳ ರೋಗ ಇಳಿದಿತ್ತು. ಉಬ್ಬಿದ ಗುಲ್ಮ ಕುಗ್ಗಿ, ಹಾಸಿಗೆ ಹಿಡಿದವು ಎದ್ದು ನಡೆದಿದ್ದವು. ವರದಿಯ ತಲೆಬರಹದಲ್ಲೇ ಫಾರ್ಬರ್ ‘ತಾತ್ಕಾಲಿಕ’ ಎಂಬ ಮಾತನ್ನು ಇಟ್ಟಿದ್ದರು. ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಏಕೆಂದರೆ ಅದು ತಾತ್ಕಾಲಿಕವೇ ಆಗಿತ್ತು. ಕೆಲವು ತಿಂಗಳಲ್ಲಿ ರೋಗ ಮರುಕಳಿಸಿತು, ಎರಡನೆಯ ಸಲ ಅದೇ ಮದ್ದಿಗೆ ಬಗ್ಗಲಿಲ್ಲ. ವರದಿ ಬಂದು ಎರಡು ತಿಂಗಳಿಗೆ, ಆಗಸ್ಟಿನಲ್ಲಿ, 53ರ ಹರೆಯದ ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು. ಅಮಿನಾಪ್ಟೆರಿನ್‌ನ ತಮ್ಮನಂಥ ಮೆಥೋಟ್ರೆಕ್ಸೇಟ್ ಕೂಡ ಅವರ ತಂಡದ್ದೇ. ಅದು ಇಂದಿಗೂ ಜಗತ್ತಿನ ಪ್ರತಿ ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿದೆ. ಸಹೋದ್ಯೋಗಿಗಳು ಒಂದು ಶಿಲೀಂಧ್ರಕ್ಕೆ ಅವರ ನೆನಪಿನಲ್ಲಿ ‘ಸುಬ್ಬರೊಮೈಸಿಸ್’ ಎಂದು ಹೆಸರಿಟ್ಟರು. ಮೆಥೋಟ್ರೆಕ್ಸೇಟ್ ಚೀಟಿ ಬರೆಸಿಕೊಂಡ ನಮ್ಮ ಅಪ್ಪ ಅಮ್ಮಂದಿರಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತು ಎಂದು ನೆನೆದರೆ ಸಂಕಟವಾಗುತ್ತದೆ.

ಮುಂದಿನ ಹತ್ತು ವರ್ಷ ಒಂದೊಂದೇ ಮದ್ದು ಬಂತು, ಒಂದೊಂದೇ ಸೋತಿತು. 1951ರಲ್ಲಿ ಗರ್ಟ್ರೂಡ್ ಎಲಿಯನ್ 6-ಮರ್ಕ್ಯಾಪ್ಟೊಪ್ಯೂರಿನ್ ತಯಾರಿಸಿದರು. ಹದಿಹರೆಯದಲ್ಲಿ ಅಜ್ಜ ಹೊಟ್ಟೆಯ ಕ್ಯಾನ್ಸರಿನಿಂದ ನರಳಿ ಸತ್ತಿದ್ದನ್ನು ಕಂಡು ರಸಾಯನಶಾಸ್ತ್ರ ಹಿಡಿದ ಹೆಣ್ಣುಮಗಳು. ಪಿಎಚ್‌ಡಿ ಇರಲಿಲ್ಲ, ನೊಬೆಲ್ ಬಂತು. ಆಕೆಯ ಮದ್ದು ಹುಸಿ ಇಟ್ಟಿಗೆ ಇದ್ದ ಹಾಗೆ. ಕೋಶ ತನ್ನ ಡಿಎನ್‌ಎ ಕಟ್ಟಲು ಬಳಸುವ ಪ್ಯೂರಿನ್ ಎಂಬ ಇಟ್ಟಿಗೆಯ ರೂಪದಲ್ಲೇ ಒಳಹೊಕ್ಕು ಗೋಡೆಯನ್ನೇ ಕೆಡವುತ್ತದೆ. ಈ ಹುಸಿ ಇಟ್ಟಿಗೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. 60 ವರ್ಷಗಳ ನಂತರ ಅದು ಮತ್ತೆ ಬರುತ್ತದೆ. ಇತ್ತ ನಿತ್ಯಪುಷ್ಪದ ಗಿಡದಿಂದ ವಿನ್‌ಕ್ರಿಸ್ಟಿನ್ ಬಂತು. ಕಾಶಿ ಕಣಗಿಲೆ ಎಂದು ನಮ್ಮಲ್ಲಿ ಅಂಗಳಕ್ಕೆ, ಸಮಾಧಿಯ ಕಟ್ಟೆಗೆ ಹಚ್ಚುವ, ದನ ಕೂಡ ಮೂಸಿ ಬಿಡುವ ಅದೇ ಗಿಡ. ಗಿನಿ ಹಂದಿಯ ರಕ್ತದ ಸೀರಮ್ ಇಲಿಗಳ ಗಡ್ಡೆಯನ್ನು ಕರಗಿಸುವುದನ್ನು 1953ರಲ್ಲಿ ನ್ಯೂಯಾರ್ಕಿನ ಜಾನ್ ಕಿಡ್ ಕಂಡರು. ಅದರ ಬೆನ್ನು ಹಿಡಿದು ಆಸ್ಪರಾಜಿನೇಸ್ ಎಂಬ ಕಿಣ್ವ ಸಿಕ್ಕಿತು.

ಇವನ್ನೆಲ್ಲ ಒಟ್ಟಿಗೆ ಕೊಟ್ಟರೆ ಏನಾದೀತು? ಕ್ಷಯಕ್ಕೆ ಒಂದೇ ಮದ್ದು ಕೊಟ್ಟಾಗ ರೋಗಾಣು ಅದಕ್ಕೆ ಒಗ್ಗಿಕೊಳ್ಳುವುದು, ಎರಡು ಮೂರು ಜೊತೆಗೆ ಕೊಟ್ಟಾಗ ಸೋಲುವುದು ಆಗಲೇ ತಿಳಿದಿತ್ತು. ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ಇದನ್ನೇ ಲ್ಯುಕೇಮಿಯಾಕ್ಕೆ ತಂದರು. ಅವರ ವಾರ್ಡಿನ ಹಾಸಿಗೆ, ಗೋಡೆ, ನೆಲ ಎಲ್ಲ ಮಕ್ಕಳ ರಕ್ತ. ಪ್ಲೇಟ್‌ಲೆಟ್ ಇಳಿದ ಮಗು ಮೂಗಿನಿಂದ, ವಸಡಿನಿಂದ ನೆತ್ತರು ಸುರಿಸಿಕೊಂಡೇ ಸಾಯುತ್ತಿತ್ತು. ಹೊಸ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ ಕೊಟ್ಟರೆ ಅದು ನಿಲ್ಲುತ್ತದೆ ಎಂದು ಫ್ರೈರೈಕ್ ಹಟ ಹಿಡಿದು ತೋರಿಸಿದರು. ಡೆಂಗಿ ಬಂದಾಗ ನಾವು ಪ್ಲೇಟ್‌ಲೆಟ್‌ಗಾಗಿ ರಕ್ತನಿಧಿಗೆ ಓಡುತ್ತೇವಲ್ಲ, ಆ ಪದ್ಧತಿಯ ಬೇರುಗಳಲ್ಲೊಂದು ಆ ವಾರ್ಡಿನಲ್ಲಿದೆ. ನೆತ್ತರು ನಿಂತ ಮೇಲೆ, 1960ರ ದಶಕದ ಮೊದಲಿಗೆ, ನಾಲ್ಕು ವಿಷಗಳನ್ನು ಏಕಕಾಲಕ್ಕೆ ಕೊಡುವ ಧೈರ್ಯ ಮಾಡಿದರು: ವಿನ್‌ಕ್ರಿಸ್ಟಿನ್, ಮೆಥೋಟ್ರೆಕ್ಸೇಟ್, ಮರ್ಕ್ಯಾಪ್ಟೊಪ್ಯೂರಿನ್, ಪ್ರೆಡ್ನಿಸೋನ್. ಸಹೋದ್ಯೋಗಿಗಳಲ್ಲೇ ಅನೇಕರು ಇದನ್ನು ಕ್ರೌರ್ಯ ಎಂದರು. ಮಜ್ಜೆಯಿಂದ ರೋಗ ಮಾಯವಾಯಿತು. ತಿಂಗಳುಗಟ್ಟಲೆ ಬರಲಿಲ್ಲ.

ಆಮೇಲೆ ಆ ಮಕ್ಕಳು ತಲೆನೋವು, ವಾಂತಿ ಎಂದು ಮರಳಿ ಬಂದರು. ಮಜ್ಜೆ ಇನ್ನೂ ಶುದ್ಧ. ಬೆನ್ನುಮೂಳೆಗೆ ಸೂಜಿ ಹಾಕಿ ತೆಗೆದ ದ್ರವದಲ್ಲಿ ಲ್ಯುಕೇಮಿಯಾ ತುಂಬಿತ್ತು. ರಕ್ತದಲ್ಲಿರುವ ವಿಷಗಳು ಮಿದುಳಿಗೆ ಹೋಗದಂತೆ ದೇಹವೇ ಕಟ್ಟಿಕೊಂಡ ತಡೆಗೋಡೆ ಈ ಮದ್ದುಗಳನ್ನೂ ತಡೆದಿತ್ತು; ಕ್ಯಾನ್ಸರ್ ಕೋಶಗಳು ಮಾತ್ರ ಆ ಗೋಡೆಯಾಚೆ ಹೋಗಿ ಕೂತಿದ್ದವು. ಅವು ಮದ್ದಿಗೆ ಮಣಿಯದ ಕೋಶಗಳೇ ಆಗಿರಬೇಕಿಲ್ಲ. ಮದ್ದು ಅವುಗಳಿದ್ದಲ್ಲಿಗೆ ತಲುಪಿರಲಿಲ್ಲ, ಅಷ್ಟೆ.

ಈ ಅಡಗುತಾಣವನ್ನು ಮುಚ್ಚಿದವರು ಡೊನಾಲ್ಡ್ ಪಿಂಕೆಲ್. ಸೇನೆಯಲ್ಲಿ ಯುವ ವೈದ್ಯನಾಗಿದ್ದಾಗ ಪೋಲಿಯೋ ಬಂದು ಚೇತರಿಸಿಕೊಂಡಿದ್ದವರು. ಮೆಂಫಿಸ್‌ನಲ್ಲಿ ನಟ ಡ್ಯಾನಿ ಥಾಮಸ್ ಹರಕೆ ಹೊತ್ತು ಕಟ್ಟಿಸಿದ ಸೇಂಟ್ ಜ್ಯೂಡ್ ಮಕ್ಕಳ ಆಸ್ಪತ್ರೆ 1962ರ ಫೆಬ್ರವರಿ 4ರಂದು ತೆರೆಯಿತು; ಮೊದಲ ನಿರ್ದೇಶಕ ಪಿಂಕೆಲ್. ಜ್ಯೂಡ್ ಎಂದರೆ ಕೈಬಿಟ್ಟ ಸಂಕಟಗಳಿಗೆ ಮೊರೆಹೋಗುವ ಸಂತ. ವರ್ಣಭೇದ ಉರಿಯುತ್ತಿದ್ದ ಅಮೆರಿಕದ ದಕ್ಷಿಣದಲ್ಲಿ ಕರಿಯ ಬಿಳಿಯ ಮಕ್ಕಳನ್ನು ಒಂದೇ ವಾರ್ಡಿನಲ್ಲಿ ಮಲಗಿಸಿದ ಆಸ್ಪತ್ರೆ ಅದು. ಒಂದರ ಹಿಂದೆ ಒಂದು ನಾಲ್ಕು ಅಧ್ಯಯನ ನಡೆದ ಮೇಲೆ 1967ರ ಕೊನೆಗೆ ಐದನೆಯದು ಶುರುವಾಯಿತು. ಮದ್ದುಗಳ ಜೊತೆಗೆ ತಲೆಗೆ ವಿಕಿರಣ, ಬೆನ್ನುಹುರಿಯ ದ್ರವಕ್ಕೆ ನೇರ ಮೆಥೋಟ್ರೆಕ್ಸೇಟ್, ಅದೂ ರೋಗ ಮಿದುಳಿಗೆ ಹೋದ ಲಕ್ಷಣ ಕಾಣುವ ಮೊದಲೇ. ನಂತರ ಎರಡು ಮೂರು ವರ್ಷ ಮಾತ್ರೆ. ಆ 35 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ರೋಗ ಮತ್ತೆಂದೂ ಬರಲಿಲ್ಲ.

ಅರ್ಧ! ಇಪ್ಪತ್ತು ವರ್ಷದ ಹಿಂದೆ ಒಂದೂ ಉಳಿಯುತ್ತಿರಲಿಲ್ಲ. ಪಿಂಕೆಲ್ ಮದ್ದು ನಿಲ್ಲಿಸಿದ ದಿನ ಆ ತಾಯಂದಿರ ಎದೆ ಹೇಗೆ ಹೊಡೆದುಕೊಂಡಿರಬೇಕು ಎಂದು ನಾನು ಮತ್ತೆ ಮತ್ತೆ ಊಹಿಸಿಕೊಳ್ಳುತ್ತೇನೆ. ರೋಗ ಹೋಯಿತು ಎಂದು ಖಚಿತವಾಗಿ ಹೇಳುವ ಯಾವ ಪರೀಕ್ಷೆಯೂ ಆಗ ಇರಲಿಲ್ಲ. ನಿಲ್ಲಿಸಿ ಕಾಯುವುದೊಂದೇ ಪರೀಕ್ಷೆ. ಈ ಗೆಲುವಿಗೆ ಮಕ್ಕಳು ತೆತ್ತ ಬೆಲೆಯನ್ನೂ ಹೇಳಬೇಕು. ತಲೆಗೆ ವಿಕಿರಣ ಪಡೆದ ಅನೇಕರು ಕಲಿಕೆಯಲ್ಲಿ ಹಿಂದುಳಿದರು, ಬೆಳವಣಿಗೆ ಕುಂಠಿತವಾಯಿತು, ಕೆಲವರಿಗೆ ದಶಕಗಳ ಬಳಿಕ ಮಿದುಳಿನಲ್ಲೇ ಗಡ್ಡೆ ಎದ್ದಿತು. ಇದೇ ಸೇಂಟ್ ಜ್ಯೂಡ್ 2009ರಲ್ಲಿ, ತಲೆಗೆ ವಿಕಿರಣ ಕೊಡದೆಯೇ ಅಷ್ಟೇ ಮಕ್ಕಳನ್ನು ಉಳಿಸಬಹುದು ಎಂದು ತೋರಿಸಿತು.

ಬರ್ಲಿನ್ನಿನಲ್ಲಿ ಹಾನ್ಸ್‌ಯೋರ್ಗ್ ರೀಮ್ 1970ರ ನಂತರ ಮದ್ದುಗಳ ಸಂಖ್ಯೆಯನ್ನು ಎಂಟಕ್ಕೆ ಏರಿಸಿದರು. ಅವರ ಪಂಥದಿಂದ ಬಂದ ಒಂದು ಸರಳ ಪರೀಕ್ಷೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮೊದಲ ವಾರ ಬಹುಮಟ್ಟಿಗೆ ಪ್ರೆಡ್ನಿಸೋನ್ ಮಾತ್ರ ಕೊಡುವುದು. ಎಂಟನೆಯ ದಿನ ರಕ್ತ ತೆಗೆದು ಎಣಿಸುವುದು. ಒಂದು ಮೈಕ್ರೊಲೀಟರಿನಲ್ಲಿ ಸಾವಿರಕ್ಕಿಂತ ಹೆಚ್ಚು ಲ್ಯುಕೇಮಿಯಾ ಕೋಶ ಉಳಿದಿದ್ದರೆ ಆ ಮಗುವಿನ ರೋಗ ಸುಲಭಕ್ಕೆ ಬಗ್ಗುವುದಲ್ಲ. ಮೊಂಡು ರೋಗದ ಗುರುತು ವರ್ಷಗಳ ನಂತರ ಮರುಕಳಿಸಿದಾಗ ಸಿಗುತ್ತಿತ್ತು. ಈಗ ಎಂಟನೆಯ ದಿನಕ್ಕೇ ಸಿಕ್ಕಿತು. 1990ರ ದಶಕದಲ್ಲಿ ಸೇಂಟ್ ಜ್ಯೂಡ್‌ನ ಡೇರಿಯೊ ಕಂಪಾನಾ, ನೆದರ್‌ಲ್ಯಾಂಡ್ಸ್‌ನ ಜಾಕ್ ವಾನ್ ಡಾಂಗೆನ್ ಮೊದಲಾದವರು ಹತ್ತು ಸಾವಿರ ಕೋಶಗಳ ನಡುವೆ ಅಡಗಿದ ಒಂದನ್ನು ಹುಡುಕುವ ವಿಧಾನಗಳನ್ನು ರೂಢಿಗೆ ತಂದರು. ವೈದ್ಯರು ಇದನ್ನು ಎಂಆರ್‌ಡಿ ಎನ್ನುತ್ತಾರೆ, ಎಂದರೆ ಅಳೆಯಬಹುದಾದ ಉಳಿಕೆ ರೋಗ. ಸ್ಕಿಪ್ಪರ್ ಕಾಗದದ ಮೇಲೆ ಲೆಕ್ಕ ಹಾಕಿದ ಗಡ್ಡೆ ಕೊನೆಗೂ ಕಣ್ಣಿಗೆ ಬಿತ್ತು. ಈ ಪರೀಕ್ಷೆಯಲ್ಲಿ ಏನೂ ಕಾಣದ ಮಗುವಿಗೆ ಮದ್ದು ಹಗುರ ಮಾಡಬಹುದು, ಕಂಡ ಮಗುವಿಗೆ ಬಿರುಸು ಮಾಡಬಹುದು, ಮಜ್ಜೆ ಕಸಿಗೆ ತಯಾರಿ ನಡೆಸಬಹುದು.

ಉಳಿದ ಕೋಶ ಉಳಿದದ್ದು ಹೇಗೆ? ಜೀನುಗಳನ್ನು ಓದುವ ಯಂತ್ರಗಳು ಬಂದ ಮೇಲೆ ಇದಕ್ಕೂ ಉತ್ತರ ಸಿಗತೊಡಗಿತು. 2008ರಲ್ಲಿ ಸೇಂಟ್ ಜ್ಯೂಡ್‌ನ ಚಾರ್ಲ್ಸ್ ಮಲ್ಲಿಗನ್ ತಂಡ, ಒಂದೇ ಮಗುವಿನ ಮೊದಲ ದಿನದ ರೋಗವನ್ನೂ ಮರುಕಳಿಸಿದ ರೋಗವನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಬಹಳಷ್ಟು ಮಕ್ಕಳಲ್ಲಿ ಮರಳಿ ಬಂದಿದ್ದು ಮೊದಲ ದಿನ ಎದ್ದು ಕಂಡ ರೋಗವಾಗಿರಲಿಲ್ಲ. ಅದೇ ಬುಡದಿಂದ ಒಡೆದ, ಆ ದಿನವೇ ಅತಿ ಕಡಿಮೆ ಸಂಖ್ಯೆಯಲ್ಲಿ ಮೂಲೆಯಲ್ಲಿದ್ದ ಇನ್ನೊಂದು ಕವಲಾಗಿತ್ತು. ಬಲಿಷ್ಠ ಕವಲನ್ನು ನಾವು ಕಡಿದೆವು, ಖಾಲಿಯಾದ ಜಾಗದಲ್ಲಿ ಸಣ್ಣದು ಹಬ್ಬಿತು.

2013ರಲ್ಲಿ ನ್ಯೂಯಾರ್ಕಿನ ಎರಡು ತಂಡಗಳು, ಕೊಲಂಬಿಯಾ ವಿಶ್ವವಿದ್ಯಾಲಯದ ಅಡೋಲ್ಫೊ ಫೆರಾಂಡೊ ಅವರದು ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿಲಿಯಂ ಕ್ಯಾರಲ್ ಅವರದು, ಬೇರೆಬೇರೆಯಾಗಿ ಒಂದೇ ಜೀನಿನ ಬಳಿ ಬಂದು ನಿಂತವು. ಅದರ ಹೆಸರು ಎನ್‌ಟಿ5ಸಿ2. ಮರುಕಳಿಸಿದ ರೋಗದಲ್ಲಿ ಈ ಜೀನು ಬದಲಾಗಿತ್ತು, ಅದು ಮಾಡುವ ಕಿಣ್ವ ಅತಿ ಚುರುಕಾಗಿತ್ತು. ಆ ಕಿಣ್ವದ ಕೆಲಸವೇನು? ಎಲಿಯನ್‌ರ ಹುಸಿ ಇಟ್ಟಿಗೆಯನ್ನು ನಿಷ್ಕ್ರಿಯ ಮಾಡಿ ಕೋಶದಿಂದ ಹೊರಗೆಸೆಯುವುದು! 1951ರ ಮದ್ದನ್ನು ಮಗು ಎರಡು ವರ್ಷ ದಿನವೂ ನುಂಗಿತ್ತು. ಆ ಮಾತ್ರೆಯ ನೆರಳಲ್ಲೇ ಅದನ್ನು ಉಗುಳುವುದನ್ನು ಕಲಿತ ಕೋಶ ಬೆಳೆದಿತ್ತು. ಇದರಲ್ಲಿ ಒಂದು ಭರವಸೆಯ ಎಳೆಯೂ ಇದೆ. ಈ ಕೋಶ ಹುಸಿ ಇಟ್ಟಿಗೆಯ ಜೊತೆ ತನಗೆ ಬೇಕಾದ ಅಸಲಿ ಇಟ್ಟಿಗೆಯನ್ನೂ ಎಸೆಯುತ್ತದೆ, ಹಾಗಾಗಿ ಮದ್ದಿಲ್ಲದಾಗ ಬಡಕಲಾಗುತ್ತದೆ ಎಂದು ಫೆರಾಂಡೊ ತಂಡ ನಂತರ ಇಲಿಗಳಲ್ಲಿ ತೋರಿಸಿತು. ಅದರ ಬಲವೇ ಅದರ ಬಲಹೀನತೆಯಾದರೆ, ಅಲ್ಲಿ ಹೊಡೆಯಬಹುದು.

ಮದ್ದಿನಿಂದ ಆಗದ್ದನ್ನು ಮಗುವಿನ ಸ್ವಂತ ರಕ್ತಕಣಗಳಿಂದ ಮಾಡಿಸುವ ಯೋಚನೆ ಬೇರೆ ದಾರಿಯಲ್ಲಿ ಬೆಳೆಯುತ್ತಿತ್ತು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಝೆಲಿಗ್ ಎಶ್ಹಾರ್ 1989ರಲ್ಲೇ ಒಂದು ವಿಚಿತ್ರ ಜೋಡಣೆ ಮಾಡಿದ್ದರು. ನಮ್ಮ ದೇವಸ್ಥಾನದ ಕಂಬದ ಮೇಲಿನ ಯಾಳಿಯ ಸಿಂಹದ ಮೈಗೆ ಆನೆಯ ಸೊಂಡಿಲು ಇರುತ್ತದಲ್ಲ, ಹಾಗೆ: ಹೊರಗೆ ಪ್ರತಿಕಾಯದ ಮೂತಿ, ಒಳಗೆ ಟಿ ಕೋಶವೆಂಬ ಬಿಳಿ ರಕ್ತಕಣದ ಕೊಲ್ಲುವ ಶಕ್ತಿ. ಇಂಥ ಗ್ರಾಹಿಯನ್ನು ತೊಟ್ಟ ಟಿ ಕೋಶವೇ ಕಾರ್-ಟಿ. ಫಿಲಡೆಲ್ಫಿಯಾದ ಕಾರ್ಲ್ ಜೂನ್, ಬ್ರೂಸ್ ಲೆವೀನ್, ಡೇವಿಡ್ ಪೋರ್ಟರ್ ಅದನ್ನು 2010ರಲ್ಲಿ ವಯಸ್ಕ ರೋಗಿಗಳಲ್ಲಿ ಪ್ರಯೋಗಿಸಿದರು. ರೋಗಿಯ ರಕ್ತದಿಂದ ಟಿ ಕೋಶಗಳನ್ನು ತೆಗೆದು, ಹಲ್ಲು ಕಿತ್ತ ಎಚ್‌ಐವಿ ವೈರಾಣುವಿನ ಮೂಲಕ ಹೊಸ ಜೀನು ಸೇರಿಸಿ, ಬೆಳೆಸಿ, ಮರಳಿ ಮೈಗೆ ಹರಿಸುವುದು. ಈ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವ ಬಿ ಕೋಶಗಳ ಮೇಲಿರುವ ಸಿಡಿ19 ಎಂಬ ಗುರುತನ್ನು ಕಂಡಲ್ಲಿ ಅವು ಕೊಲ್ಲಬೇಕು.

2012ರ ಏಪ್ರಿಲಿನಲ್ಲಿ ಆರು ವರ್ಷದ ಎಮಿಲಿ ವೈಟ್‌ಹೆಡ್ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿದ್ದಳು. ಎರಡು ಸಲ ರೋಗ ಮರುಕಳಿಸಿತ್ತು. ಕೊಡಲು ಬೇರೆ ಮದ್ದಿರಲಿಲ್ಲ. ಇಂಥ ಜೀವಕೋಶ ಪಡೆದ ಮಕ್ಕಳಲ್ಲಿ ಅವಳೇ ಮೊದಲಿಗಳು. ಸ್ಟೀಫನ್ ಗ್ರಪ್ ಅವಳ ವೈದ್ಯ. ಕೋಶ ಹರಿಸಿದ ಕೆಲವೇ ದಿನಗಳಲ್ಲಿ ಜ್ವರ ಕೆರಳಿತು, ರಕ್ತದೊತ್ತಡ ಕುಸಿಯಿತು, ಉಸಿರಾಟಕ್ಕೆ ವೆಂಟಿಲೇಟರ್ ಹಾಕಬೇಕಾಯಿತು. ಟಿ ಕೋಶಗಳು ಕೊಲ್ಲುತ್ತಿದ್ದವು, ಆ ಕೊಲೆಯ ಗದ್ದಲವೇ ಮಗುವನ್ನು ಮುಗಿಸುವಂತಿತ್ತು. ರಕ್ತ ಪರೀಕ್ಷೆಯಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂದೇಶವಾಹಕ ಮಿತಿಮೀರಿ ಏರಿದ್ದು ಕಂಡಿತು. ಕಾರ್ಲ್ ಜೂನ್ ಅವರ ಮಗಳಿಗೆ ಮಕ್ಕಳ ಸಂಧಿವಾತವಿತ್ತು. ಹಾಗಾಗಿ ಆ ಸಂದೇಶವನ್ನು ತಡೆಯುವ ಟೋಸಿಲಿಜುಮಾಬ್ ಎಂಬ ಸಂಧಿವಾತದ ಮದ್ದು ಇತ್ತೀಚೆಗೆ ಬಂದಿದೆ ಎಂದು ಅವರಿಗೆ ಗೊತ್ತಿತ್ತು. ಕ್ಯಾನ್ಸರ್ ವಿಭಾಗದ ಯಾರೂ ಬಳಸದಿದ್ದ ಮದ್ದು. ಕೊಟ್ಟ ಕೆಲವೇ ಗಂಟೆಗಳಲ್ಲಿ ಜ್ವರ ಇಳಿಯತೊಡಗಿತು. ಎಮಿಲಿ ಕಣ್ಣು ತೆರೆದದ್ದು ಅವಳ ಏಳನೆಯ ಹುಟ್ಟುಹಬ್ಬದ ದಿನ, ಮೇ 2ರಂದು. ಕೆಲವು ದಿನಗಳಲ್ಲಿ ಮಜ್ಜೆ ಪರೀಕ್ಷೆಯ ಫಲಿತಾಂಶ ಬಂತು. ಲ್ಯುಕೇಮಿಯಾ ಇರಲಿಲ್ಲ. ಆಮೇಲೂ ಬರಲಿಲ್ಲ.

ಒಬ್ಬ ವಿಜ್ಞಾನಿಯ ಮನೆಯಲ್ಲಿ ಒಂದು ಮಗುವಿಗೆ ಕೀಲುನೋವು ಇಲ್ಲದಿದ್ದರೆ ಎಮಿಲಿ ಉಳಿಯುತ್ತಿದ್ದಳೇ? ಮಕ್ಕಳಲ್ಲಿ ಮಾಡಿದ ಮೊದಲ ಪ್ರಯೋಗವೇ ಸಾವಿನಲ್ಲಿ ಮುಗಿದಿದ್ದರೆ ಈ ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತಿತ್ತೇನೋ.

ಎಮಿಲಿಯ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅದೇ ವೈದ್ಯಕೀಯ ವರದಿಯಲ್ಲಿದ್ದ ಎರಡನೆಯ ಮಗುವಿನ ಬಗ್ಗೆ ಕಡಿಮೆ ಜನ ಮಾತಾಡಿದರು. ಆ ಮಗುವಿಗೂ ರೋಗ ಇಳಿದಿತ್ತು. ಸುಮಾರು ಎರಡು ತಿಂಗಳಲ್ಲಿ ಮರುಕಳಿಸಿತು; ಮರಳಿ ಬಂದ ಕೋಶಗಳ ಮೇಲೆ ಸಿಡಿ19 ಇರಲೇ ಇಲ್ಲ. ಬೇಟೆಗಾರ ಯಾವ ಗುರುತು ನೋಡಿ ಹುಡುಕುತ್ತಿದ್ದನೋ ಆ ಗುರುತನ್ನೇ ಅವು ಕಳಚಿಟ್ಟಿದ್ದವು. 2018ರಲ್ಲಿ ಇದಕ್ಕಿಂತ ಬೆರಗುಗೊಳಿಸುವ ವರದಿ ಬಂತು. ಒಬ್ಬ ಯುವ ರೋಗಿಯ ಟಿ ಕೋಶಗಳನ್ನು ತಯಾರಿಸುವಾಗ, ಆ ರಕ್ತದಲ್ಲಿ ಹೇಗೋ ಉಳಿದಿದ್ದ ಒಂದೇ ಒಂದು ಲ್ಯುಕೇಮಿಯಾ ಕೋಶಕ್ಕೆ ಹೊಸ ಜೀನು ಸೇರಿಬಿಟ್ಟಿತು. ಆ ಜೀನಿನಿಂದ ಬಂದ ಗ್ರಾಹಿ ಅದರದೇ ಸಿಡಿ19 ಮೇಲೆ ಮುಸುಕು ಹಾಕಿತು. ಟಿ ಕೋಶಗಳಿಗೆ ಅದು ಕಾಣಲಿಲ್ಲ. ಆ ಒಂದರಿಂದಲೇ ರೋಗ ಪೂರ್ತಿ ಮರಳಿ ಬಂತು. ಬರ್ಮಿಂಗ್‌ಹ್ಯಾಮ್‌ನ ಇಲಿಗಳಲ್ಲಿ ಸ್ಕಿಪ್ಪರ್ ಕಂಡದ್ದು ಮನುಷ್ಯನ ಮೈಯಲ್ಲಿ ಹೀಗೆ ಎದುರಾಯಿತು.

11 ದೇಶಗಳಲ್ಲಿ 75 ಮಕ್ಕಳು ಮತ್ತು ಯುವಕರ ಮೇಲೆ ನಡೆದ ಕಾರ್-ಟಿ ಪ್ರಯೋಗದಲ್ಲಿ, ಬೇರೆಲ್ಲ ಮದ್ದೂ ಸೋತಿದ್ದವರಲ್ಲಿ, ಮೂರು ತಿಂಗಳೊಳಗೆ 81% ಮಂದಿಗೆ ರೋಗ ಇಳಿಯಿತು. 2017ರ ಆಗಸ್ಟ್ 30ರಂದು ಅಮೆರಿಕ ಈ ಚಿಕಿತ್ಸೆಗೆ ಅನುಮತಿ ಕೊಟ್ಟಿತು. ರೋಗ ಇಳಿದವರಲ್ಲಿ ಮೂರು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮರುಕಳಿಕೆ ಇಲ್ಲದೆ ಇದ್ದರು. ಮತ್ತೆ ಅರ್ಧ! ಪಿಂಕೆಲ್‌ರ ಐದನೆಯ ಅಧ್ಯಯನ ನೆನಪಾಗುತ್ತದೆ. ಉಳಿದ ಅರ್ಧಕ್ಕಾಗಿ ಸಿಡಿ22 ಎಂಬ ಇನ್ನೊಂದು ಗುರುತನ್ನು ಹುಡುಕುವ ಟಿ ಕೋಶಗಳು ಬಂದಿವೆ. ಟಿ ಕೋಶಗಳೇ ಕ್ಯಾನ್ಸರಾದಾಗ ಬೇಟೆಗಾರನೂ ಬೇಟೆಯೂ ಒಂದೇ ಜಾತಿ; ಒಂದನ್ನೊಂದು ಕೊಂದುಕೊಳ್ಳುತ್ತವೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ವಸೀಮ್ ಖಾಸಿಂ ತಂಡ ದಾನಿಯ ಟಿ ಕೋಶಗಳ ಡಿಎನ್‌ಎಯಲ್ಲಿ ಅಕ್ಷರ ತಿದ್ದಿ, ಅವು ಪರಸ್ಪರ ಕೊಲ್ಲದಂತೆ ಮಾಡಿ, 2022ರ ಮೇನಲ್ಲಿ 13 ವರ್ಷದ ಬಾಲಕಿಗೆ ಕೊಟ್ಟಿತು. ರೋಗ ಇಳಿದ ಮೇಲೆ ಮಜ್ಜೆ ಕಸಿ ಮಾಡಿದರು, ಆಕೆ ಉಳಿದಳು.

ಹುಟ್ಟಿ ವರ್ಷ ತುಂಬದ ಕೂಸುಗಳಿಗೆ ಬರುವ ಲ್ಯುಕೇಮಿಯಾ ಎಲ್ಲಕ್ಕಿಂತ ಮೊಂಡು. ಹೆಚ್ಚಿನ ಕೂಸುಗಳಲ್ಲಿ ಕೆಎಂಟಿ2ಎ ಎಂಬ ಜೀನು ತುಂಡಾಗಿ ಬೇರೆಡೆ ಅಂಟಿಕೊಂಡಿರುತ್ತದೆ. ಕಿಮೋ ಎಷ್ಟು ಬಿರುಸು ಮಾಡಿದರೂ ದಶಕಗಳಿಂದ ಫಲಿತಾಂಶ ಹೆಚ್ಚು ಕದಲಿರಲಿಲ್ಲ. ಒಂದು ಕೈಯಲ್ಲಿ ಕ್ಯಾನ್ಸರ್ ಕೋಶವನ್ನೂ ಇನ್ನೊಂದರಲ್ಲಿ ಟಿ ಕೋಶವನ್ನೂ ಹಿಡಿದು ಎದುರುಬದುರು ನಿಲ್ಲಿಸುವ ಬ್ಲಿನಾಟುಮೊಮಾಬ್ ಎಂಬ ಮದ್ದನ್ನು, ನೆದರ್‌ಲ್ಯಾಂಡ್ಸ್‌ನ ಇಂಗೆ ವಾನ್ ಡೆರ್ ಸ್ಲೈಸ್ ಮತ್ತು ಸಂಗಡಿಗರು ಇಂಥ 30 ಕೂಸುಗಳಿಗೆ ಕಿಮೋ ಜೊತೆ ಕೊಟ್ಟರು. 2023ರಲ್ಲಿ ಬಂದ ವರದಿಯಂತೆ ಎರಡು ವರ್ಷದ ಬಳಿಕ ರೋಗವಿಲ್ಲದೆ ಇದ್ದವು 81.6%, ಹಿಂದೆ ಅದು 49.4%. ಸಣ್ಣ ಸಂಖ್ಯೆ ನಿಜ. ಆದರೂ ಆ ಸಾಲನ್ನು ಮೊದಲ ಸಲ ಓದಿದ ದಿನ ನಾನು ಪತ್ರಿಕೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಈಗ ನಮ್ಮಲ್ಲಿಗೆ ಬರುತ್ತೇನೆ. 1984ರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್, ದೆಹಲಿಯ ಏಮ್ಸ್, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ ಮೂರೂ ಸೇರಿ ಎಂಸಿಪಿ-841 ಎಂಬ ಒಂದೇ ಚಿಕಿತ್ಸಾ ಕ್ರಮವನ್ನು ಕೈಗೆತ್ತಿಕೊಂಡವು. ಅಡ್ಯಾರಿನ ವಿ. ಶಾಂತಾ, ಮುಂಬಯಿಯ ಸುರೇಶ್ ಅಡ್ವಾಣಿ, ಅಮೆರಿಕದ ಇಯಾನ್ ಮಗ್ರಾತ್ ಅದರ ಹಿಂದಿದ್ದವರು. ಬದುಕುವ ಮಕ್ಕಳ ಸಂಖ್ಯೆ ಗಣನೀಯವಾಗಿ ಏರಿತು. ಆದರೆ ಭಾರತದಲ್ಲಿ ಮಗು ಕೈತಪ್ಪುವುದಕ್ಕೆ ಮೊಂಡು ಕೋಶವೊಂದೇ ಕಾರಣವಲ್ಲ. ರಾಯಚೂರಿನಿಂದಲೋ ಬೀದರಿನಿಂದಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವ ಕೂಲಿಯ ಮನೆಯವರನ್ನು ನೆನೆಯಿರಿ. ಮೊದಲ ತಿಂಗಳಲ್ಲೇ ಮಗು ಗೆಲುವಾಗಿ, ಕೆನ್ನೆ ತುಂಬಿಕೊಂಡು, ಅನ್ನ ಕೇಳುತ್ತದೆ. ವಾಸಿಯಾಯಿತಲ್ಲ, ಇನ್ನೂ ಎರಡು ವರ್ಷ ಏಕೆ ಬರಬೇಕು? ದಿನಗೂಲಿ ಹೋಗುತ್ತದೆ, ಊರಲ್ಲಿ ಇನ್ನೆರಡು ಮಕ್ಕಳಿವೆ. ಸ್ಕಿಪ್ಪರ್‌ನ ಲೆಕ್ಕವನ್ನು ಅವರಿಗೆ ಅವರ ಮಾತಿನಲ್ಲಿ, ಕೊನ್ನಾರಿ ಗಡ್ಡೆಯ ಲೆಕ್ಕದಲ್ಲಿ ಕೂತು ಹೇಳುವ ಒಬ್ಬರು, ಮತ್ತೆ ಬರಲು ಬಸ್ಸಿನ ದುಡ್ಡು, ತಂಗಲು ಒಂದು ಕೋಣೆ: ಇವು ಯಾವ ಹೊಸ ಔಷಧಿಗೂ ಕಡಿಮೆಯಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಅಮೆರಿಕದಲ್ಲಿ ಕಾರ್-ಟಿ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 4,75,000 ಡಾಲರ್. ಆ ಬೆಲೆಯನ್ನು ಇಳಿಸಲೇಬೇಕೆಂದು ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಮತ್ತು ಟಾಟಾ ಮೆಮೋರಿಯಲ್ ಕೇಂದ್ರದ ಗೌರವ್ ನರುಲಾ, ಹಸ್ಮುಖ್ ಜೈನ್ ಮೊದಲಾದವರು ಇಲ್ಲಿಯದೇ ವಿನ್ಯಾಸ ಮಾಡಿದರು. 2021ರ ಜೂನ್ 4ರಂದು ದೇಶದ ಮೊದಲ ಕಾರ್-ಟಿ ಚಿಕಿತ್ಸೆ ಟಾಟಾ ಕೇಂದ್ರದಲ್ಲಿ ನಡೆಯಿತು. 2023ರ ಅಕ್ಟೋಬರಿನಲ್ಲಿ ನೆಕ್ಸ್‌ಕಾರ್19 ಎಂಬ ಹೆಸರಿನಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಆಗ ಅದರ ಬೆಲೆ ಹೊರದೇಶದ ಸುಮಾರು ಹತ್ತನೆಯ ಒಂದು ಪಾಲಾಗಿತ್ತು. ಹತ್ತನೆಯ ಒಂದು ಪಾಲೂ ನಮ್ಮ ಬಹುತೇಕ ಮನೆಗಳಿಗೆ ಹೊಲ ಮಾರಿದರೂ ನಿಲುಕದ ಮೊತ್ತ.

ಬೆಂಗಳೂರಿನಲ್ಲೂ ಒಂದು ಕಾರ್-ಟಿ ತಯಾರಾಗುತ್ತದೆ. ಕಿರಣ್ ಮಜುಂದಾರ್ ಶಾ, ಸಿದ್ಧಾರ್ಥ ಮುಖರ್ಜಿ ಮತ್ತು ಕುಶ್ ಪರ್ಮಾರ್ ಕಟ್ಟಿದ ಇಮ್ಯುನೀಲ್ ಸಂಸ್ಥೆಯದು. ಮಾರುಕಟ್ಟೆಯ ಹೆಸರು ಖಾರ್ಟೆಮಿ. ಅದರ ಮೂಲ ವಿನ್ಯಾಸ ಸ್ಪೇನಿನ ಬಾರ್ಸಿಲೋನಾದ ಕ್ಲಿನಿಕ್ ಆಸ್ಪತ್ರೆಯದು. ಯಾವ ದೊಡ್ಡ ಕಂಪನಿಯ ನೆರವೂ ಇಲ್ಲದೆ ಆ ಆಸ್ಪತ್ರೆ ತಾನೇ ಅದನ್ನು ಬೆಳೆಸಿತು. ಅಲ್ಲಿ ಅದರ ಹೆಸರು ಎಆರ್‌ಐ-0001. ಈ ಮೂರಕ್ಷರ ಯಾವುದೋ ರಾಸಾಯನಿಕದ ಸಂಕ್ಷೇಪವಲ್ಲ. ಆರಿ ಎಂಬುದು ಒಬ್ಬ ಹುಡುಗಿಯ ಹೆಸರು. 13ನೇ ವಯಸ್ಸಿನಲ್ಲಿ ಅವಳಿಗೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಬಂತು, ಮತ್ತೆ ಮತ್ತೆ ಮರುಕಳಿಸಿತು, 18ಕ್ಕೆ ತೀರಿಕೊಂಡಳು. ಅವಳ ತಾಯಿ ಜನರಿಂದ ದೇಣಿಗೆ ಎತ್ತಿ ಈ ಸಂಶೋಧನೆಗೆ ಕೊಟ್ಟರು. 2021ರಲ್ಲಿ ಸ್ಪೇನ್ ಅದಕ್ಕೆ ಅನುಮತಿ ನೀಡಿತು, 25 ವರ್ಷ ದಾಟಿದ ಲ್ಯುಕೇಮಿಯಾ ರೋಗಿಗಳಿಗೆ. 2025ರ ಜನವರಿಯಲ್ಲಿ ಬೆಂಗಳೂರಿನ ಕಂಪನಿ ಅದನ್ನು ಭಾರತದಲ್ಲಿ ಬಿಡುಗಡೆ ಮಾಡಿತು, ವಯಸ್ಕರ ಲಿಂಫೋಮಾ ರೋಗಕ್ಕೆ. ಆರಿಯ ವಯಸ್ಸಿನ, ಆರಿಯದೇ ರೋಗದ ಮಕ್ಕಳ ಸರದಿ ಇನ್ನೂ ಬಂದಿರಲಿಲ್ಲ.